ನೈಟ್, ನಾಖ್ಟ್, ನಕ್ತ: ಎಂಟಕ್ಕೂ ಇರುಳಿಗೂ ನಂಟಿದೆಯೇ?

ಯುರೋಪಿನ ಭಾಷೆಗಳಲ್ಲಿ ‘ಎಂಟು’ ಎಂಬ ಪದದ ಮುಂದೆ ‘ನ’ಕಾರ ಇಟ್ಟರೆ ‘ರಾತ್ರಿ’ ಆಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಿರುಗಿ ಬರುತ್ತದೆ. ಜರ್ಮನ್‌ನ ಆಖ್ಟ್–ನಾಖ್ಟ್, ಇಟಾಲಿಯನ್‌ನ ಒತ್ತೊ–ನೊತ್ತೆ, ಇಂಗ್ಲಿಷಿನ ಏಟ್–ನೈಟ್. ‘ಅಡ್ಡ ಮಲಗಿದ 8 ಅನಂತದ ಗುರುತು, ಆದ್ದರಿಂದ ರಾತ್ರಿಯೆಂದರೆ ಅನಂತದೊಡನೆ ಕೂಡುವ ಹೊತ್ತು’ ಎಂಬ ತತ್ತ್ವವೂ ಜೊತೆಗಿರುತ್ತದೆ. ಇದು ಬರೀ ಕಟ್ಟುಕಥೆ. ಆ ಅನಂತದ ಚಿಹ್ನೆಯನ್ನು ಗಣಿತಕ್ಕೆ ತಂದವನು ಇಂಗ್ಲೆಂಡಿನ ಜಾನ್ ವಾಲಿಸ್, 1655ರಲ್ಲಿ. ಪದಗಳಾದರೋ ಸಾವಿರಾರು ವರ್ಷ ಹಳೆಯವು.

ಸುಳ್ಳನ್ನು ಹಿಡಿಯಲು ಸಂಸ್ಕೃತವೊಂದೇ ಸಾಕು. ನೈಟ್, ನಾಖ್ಟ್‌ಗಳ ಒಡಹುಟ್ಟು ನಮ್ಮಲ್ಲಿ ‘ನಕ್ತ’. ರಕ್ಕಸರನ್ನು ‘ನಕ್ತಂಚರ’ರೆಂದು ಕರೆದಾಗ, ಹಗಲೆಲ್ಲ ಉಪವಾಸವಿದ್ದು ರಾತ್ರಿ ಮಾತ್ರ ಉಣ್ಣುವ ‘ನಕ್ತ’ವ್ರತದಲ್ಲಿ, ನಾವು ಬಳಸುವುದು ಅದೇ ಪದ. ಎಂಟಕ್ಕೆ ಸಂಸ್ಕೃತದಲ್ಲಿ ‘ಅಷ್ಟ’. ‘ನ’ಕಾರ ಸೇರಿಸಿದರೆ ‘ನಷ್ಟ’ ಆದೀತು, ‘ನಕ್ತ’ ಆಗದು! ಈ ಭಾಷೆಗಳೆಲ್ಲ ಕವಲೊಡೆದು ಬಂದ ಮೂಲ ಭಾಷೆಯಲ್ಲಿ ಈ ಎರಡು ಪದಗಳ ‘ಕ’ಕಾರಗಳೇ ಬೇರೆ ಬೇರೆ. ಸಂಸ್ಕೃತ ಆ ಭೇದವನ್ನು ಉಳಿಸಿಕೊಂಡಿತು. ಲ್ಯಾಟಿನ್ ಮತ್ತು ಜರ್ಮಾನಿಕ್ (ಇಂಗ್ಲಿಷ್, ಜರ್ಮನ್, ಡಚ್ ಮೊದಲಾದವುಗಳ ಕುಟುಂಬ) ಭಾಷೆಗಳಲ್ಲಿ ಎರಡೂ ಒಂದಾದವು. ಮುಂದಿನ ಬದಲಾವಣೆಗಳಿಗೂ ಒಟ್ಟಿಗೇ ಒಳಗಾದದ್ದರಿಂದ ಅವು ಪ್ರಾಸದಂತೆ ಕೇಳಿಸುತ್ತವೆ, ಅಷ್ಟೆ.

ಜರ್ಮಾನಿಕ್‌ನಲ್ಲಿ ಆದದ್ದು ಇದು: ಹಳೆಯ ‘ಕ’ಕಾರ ಸಡಿಲಗೊಂಡು ‘ಹ’ಕಾರದತ್ತ ಸರಿಯಿತು, ಈಗ ಅಳಿದುಹೋಗಿರುವ ಹಳೆಯ ಜರ್ಮಾನಿಕ್ ನುಡಿ ಗಾಥಿಕ್‌ನಲ್ಲಿ ‘ನಹ್ಟ್ಸ್’. ಜರ್ಮನ್, ಡಚ್‌ಗಳಲ್ಲಿ ಆ ಉಸಿರು ಇಂದಿಗೂ ಗಂಟಲಲ್ಲಿದೆ. ಸ್ವೀಡಿಷ್, ಡೇನಿಷ್, ಐಸ್ಲ್ಯಾಂಡಿಕ್‌ಗಳಲ್ಲಿ ಅದು ಪಕ್ಕದ ‘ಟ’ಕಾರದಲ್ಲಿ ಕರಗಿಹೋಯಿತು. ಇಂಗ್ಲಿಷಿನಲ್ಲಿ ಉಚ್ಚಾರಣೆಯಿಂದ ಮರೆಯಾದರೂ ಬರವಣಿಗೆಯಲ್ಲಿ ‘ಜಿ–ಎಚ್’ ಎಂಬ ಮೂಕ ಜೋಡಿಯಾಗಿ ಕುಳಿತು ಶಾಲಾಮಕ್ಕಳನ್ನು ಕಾಡುತ್ತಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯ ‘ನಿಖ್ಟ್’ನಲ್ಲಿ ಅದಿನ್ನೂ ಕೇಳಿಸುತ್ತದೆ.

ಉಚ್ಚಾರಣೆಗಿಂತ ನನಗೆ ಹೆಚ್ಚು ಸೋಜಿಗ ತರುವುದು ಬಳಕೆ. ಜರ್ಮಾನಿಕ್ ಜನ ರೋಮನ್ನರಂತೆ ಹಗಲುಗಳನ್ನಲ್ಲ, ರಾತ್ರಿಗಳನ್ನು ಎಣಿಸುತ್ತಾರೆ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದ. ಆ ಲೆಕ್ಕದ ಉಳಿಕೆ ಇಂಗ್ಲಿಷಿನ ‘ಫೋರ್ಟ್‌ನೈಟ್’, ಅಂದರೆ ಹದಿನಾಲ್ಕು ಇರುಳು. ಅದರ ಕೊನೆಯಲ್ಲಿ ಬಹುವಚನದ ‘ಸ್’ ಇಲ್ಲದಿರುವುದೂ ಹಳತರ ಗುರುತು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಏಕವಚನ, ಬಹುವಚನ ಎರಡರಲ್ಲೂ ಒಂದೇ ರೂಪವಿತ್ತು. ಜರ್ಮನರ ಕ್ರಿಸ್‌ಮಸ್ ‘ವೈನಾಖ್ಟೆನ್’, ಅಂದರೆ ಪವಿತ್ರ ಇರುಳುಗಳು. ನವರಾತ್ರಿ, ಶಿವರಾತ್ರಿಗಳನ್ನು ಆಚರಿಸುವ ನಮಗೆ ಇದು ಅಪರಿಚಿತವೇನಲ್ಲ. ವೈದಿಕ ಯಾಗಗಳ ಅವಧಿಯನ್ನೂ ‘ದಶರಾತ್ರ’ ಎಂಬಂತೆ ರಾತ್ರಿಗಳಲ್ಲೇ ಹೇಳುತ್ತಿದ್ದರು.

ಈಗ ನನ್ನ ಪ್ರಶ್ನೆ. ಜರ್ಮನ್‌ನ ‘ಹೊಯ್ಟೆ ನಾಖ್ಟ್’ (ಪದಶಃ ‘ಇಂದು ರಾತ್ರಿ’) ಕಳೆದ ರಾತ್ರಿಯೂ ಆಗಬಹುದು, ಬರಲಿರುವ ರಾತ್ರಿಯೂ ಆಗಬಹುದು. ಯಾವುದೆಂದು ಕ್ರಿಯಾಪದದ ಕಾಲ ನೋಡಿ ತಿಳಿಯಬೇಕು. ಕನ್ನಡದಲ್ಲಿ ನಾನು ಕೇಳಿರುವ ಮಟ್ಟಿಗೆ ಬೆಳಗಿನ ಜಾವ ಮೂರಕ್ಕೆ ಮಳೆ ಬಂದಿದ್ದರೂ ‘ನಿನ್ನೆ ರಾತ್ರಿ ಮಳೆ ಬಂತು’ ಎನ್ನುತ್ತೇವೆ. ಅದನ್ನೇ ‘ಇಂದು ರಾತ್ರಿ’ ಎನ್ನುವ ಬಳಕೆ ನಿಮ್ಮ ಕಡೆ ಎಲ್ಲಾದರೂ ಇದೆಯೇ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರ.