ಕ್ಯಾಸಲ್‌ನ ‘ಪಾಲಿಸೀಸ್’: ನೀತಿಯೂ ಅಲ್ಲ, ವಿಮೆಯೂ ಅಲ್ಲ

ಪ್ರಶ್ನೆ: ಸ್ಕಾಟ್ಲೆಂಡಿನ ಕ್ರ್ಯಾಥಿಸ್ ಕ್ಯಾಸಲ್ ನೋಡಹೋಗುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಕ್ಯಾಸಲ್ ಅಂಡ್ ಪಾಲಿಸೀಸ್’ ಎಂಬುದು ‘ಕೋಟೆ ಮತ್ತು ನೀತಿಗಳು’ ಆಗಿದೆ. ‘ಟರ್ನ್‌ಪೈಕ್ ಸ್ಟೇರ್’ ಎಂಬುದು ‘ಸುಂಕದಕಟ್ಟೆಯ ಮೆಟ್ಟಿಲು’, ‘ಮೇನ್ಸ್’ ಎಂಬುದು ‘ಮುಖ್ಯ ಭಾಗಗಳು’. ಎಡವಟ್ಟು ಎಂಬುದೇನೋ ಗೊತ್ತಾಗುತ್ತಿದೆ, ಸರಿಯಾದ ಮಾತು ಹೊಳೆಯುತ್ತಿಲ್ಲ. ಜೊತೆಗೆ, ಕ್ಯಾಸಲ್ ಎಂದ ಕಡೆಯಲ್ಲೆಲ್ಲ ಕೋಟೆ ಎಂದರೆ ನಡೆದೀತೆ? ಬಲ್ಲವರು ತಿಳಿಸಿ.

ಉತ್ತರ: ಮೂರೂ ಸ್ಕಾಟ್ಸ್ ನುಡಿಯ ಮಾತುಗಳು. ಇಂಗ್ಲಿಷ್ ನಿಘಂಟು ತೆರೆದರೆ ದಾರಿ ತಪ್ಪುವುದು ಖಚಿತ.

‘ಪಾಲಿಸಿ’ ಎಂದರೆ ಅಲ್ಲಿ ಮೊದಲು ಜಮೀನನ್ನು ತಿದ್ದಿ, ಮರ ನೆಟ್ಟು, ಅಂದಗೊಳಿಸುವ ಕೆಲಸ. ಆಮೇಲೆ ಹಾಗೆ ತಿದ್ದಿದ ನೆಲಕ್ಕೇ ಆ ಹೆಸರು ನಿಂತಿತು: ದೊಡ್ಡ ಮನೆಯ ಸುತ್ತಲ ತೋಪು, ಹುಲ್ಲುಬಯಲು, ಸಾಲುಮರದ ದಾರಿ ಎಲ್ಲ ಸೇರಿ ‘ಪಾಲಿಸೀಸ್’. ‘ಆವರಣ’ ಎಂದರೆ ಕಚೇರಿಯ ಕಾಂಪೌಂಡು ನೆನಪಾಗುತ್ತದೆ. ‘ಉದ್ಯಾನ’ವಂತೂ ಬೇಡ, ಏಕೆಂದರೆ ಕ್ರ್ಯಾಥಿಸ್‌ನಲ್ಲಿ ಉದ್ಯಾನವೇ ಬೇರೆ ಇದೆ. ನಾಲ್ಕು ಎಕರೆಗೆ ತುಸು ಕಡಿಮೆ ಇರುವ, ಸುತ್ತ ಗೋಡೆಯಿರುವ ತೋಟ ಅದು. ಒಳಗೆ ಎಂಟು ಭಾಗ. 1702ರಲ್ಲಿ ನೆಟ್ಟ ಯೂ ಮರದ ಬೇಲಿಗಳನ್ನು ಇವತ್ತಿಗೂ ಕತ್ತರಿಸಿ ಆಕಾರ ಕೊಡುತ್ತಾರೆ. ಆ ತೋಟಕ್ಕೆ ಟಿಕೆಟ್ ಬೇಕು, ಹೊರಗಿನ ಕಾಡುದಾರಿಗಳಿಗೆ ಬೇಡ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರು ಟಿಕೆಟ್ ಕಿಟಕಿಯಲ್ಲಿ ಗಲಿಬಿಲಿಗೊಳ್ಳುತ್ತಾರೆ. ‘ಗೋಡೆತೋಟ’ ಮತ್ತು ‘ಸುತ್ತಲ ತೋಪು-ಬಯಲು’ ಎಂದು ಬಿಡಿಸಿ ಬರೆಯಿರಿ.

‘ಮೇನ್ಸ್’ಗೆ ನಮ್ಮಲ್ಲಿ ಸೊಗಸಾದ ಪದವೇ ಇದೆ: ಕಮತ. ಗೇಣಿಗೆ ಕೊಡದೆ ಒಡೆಯ ತನ್ನ ಮನೆಗಾಗಿ ತಾನೇ ಸಾಗುವಳಿ ಮಾಡಿಸುತ್ತಿದ್ದ ಜಮೀನು. ನಕಾಶೆಯಲ್ಲಿ ‘ಮೇನ್ಸ್ ಆಫ್’ ಇಂಥದ್ದು ಎಂದು ಕಂಡರೆ ಅದು ಹೊಲಮನೆಯ ಹೆಸರು, ಹಾಗೇ ಬಿಡಿ. ವಿವರಣೆಯಲ್ಲಿ ಮಾತ್ರ ಕಮತ ಎನ್ನಿ.

‘ಟರ್ನ್‌ಪೈಕ್’ ಎಂದರೆ ಕಂಬದ ಸುತ್ತ ತಿರುಗುತ್ತ ಏರುವ ಸುರುಳಿ ಮೆಟ್ಟಿಲು. ಮೆಟ್ಟಿಲು ಕಂಬದ ಕಡೆ ಬೆರಳಗಲಕ್ಕೆ ಕಿರಿದಾಗುವುದರಿಂದ ಗೋಡೆಯ ಕಡೆ ಕಾಲಿಡಬೇಕು. ಈ ಮಾತು ಕೈಪಿಡಿಯಲ್ಲಿ ಇರಲಿ. ಕ್ರ್ಯಾಥಿಸ್‌ನಲ್ಲಿ ಒಂದು ‘ಟ್ರಿಪ್ ಸ್ಟೆಪ್’ ಕೂಡ ಇದೆ. ಅದನ್ನು ‘ಪ್ರವಾಸದ ಮೆಟ್ಟಿಲು’ ಮಾಡಿಬಿಟ್ಟೀರಿ! ಉಳಿದವುಗಳಿಗಿಂತ ಎತ್ತರ ಬೇರೆ ಇಟ್ಟು, ಕತ್ತಲಲ್ಲಿ ನುಗ್ಗಿದ ಅಪರಿಚಿತ ಮುಗ್ಗರಿಸಲಿ ಎಂದು ಕಟ್ಟಿದ್ದು. ‘ಎಡವುಮೆಟ್ಟಿಲು’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ಕೋಟೆಯ ಮಾತು. ಕನ್ನಡದಲ್ಲಿ ಕೋಟೆ ಎಂದರೆ ಮೊದಲು ಕಣ್ಣಿಗೆ ಬರುವುದು ಸುತ್ತುಗೋಡೆ: ಕೊತ್ತಲ, ತೆನೆ, ಅಗಳು, ಒಳಗೆ ಪೇಟೆ, ಗುಡಿ, ಹೊಂಡ. ಸ್ಕಾಟ್ಲೆಂಡಿನ ಕ್ಯಾಸಲ್ ಒಂದೇ ಬಗೆಯದಲ್ಲ. ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ಕುಳಿತ ಎಡಿನ್‌ಬರೋ, ಅದರಂತೆಯೇ ಬಂಡೆಯ ಮೇಲಿನ ಸ್ಟರ್ಲಿಂಗ್: ಇವನ್ನು ಗಿರಿದುರ್ಗ ಎನ್ನಲು ಅಳುಕಬೇಕಿಲ್ಲ. 1850ರ ದಶಕದಲ್ಲಿ ವಿಕ್ಟೋರಿಯಾ ರಾಣಿಗಾಗಿ ಕಟ್ಟಿದ ಬಾಲ್ಮೊರಲ್ ಯುದ್ಧಕ್ಕೆ ಕಟ್ಟಿದ್ದೇ ಅಲ್ಲ. ಅದು ಕ್ಯಾಸಲ್ ವೇಷದ ಅರಮನೆ.

ಕ್ರ್ಯಾಥಿಸ್ ಈ ಎರಡರ ನಡುವಿನದು. ಬರ್ನೆಟ್ ಮನೆತನದವರು 1553ರಲ್ಲಿ ಶುರು ಮಾಡಿ 1596ರಲ್ಲಿ ಮುಗಿಸಿದ ವಾಸದ ಮನೆ. ಕೆಳಗೆ ಕಮಾನು ಛಾವಣಿಯ ಉಗ್ರಾಣ, ಅಡುಗೆಮನೆ. ಅದರ ಮೇಲೆ ಹಜಾರ. ಇನ್ನೂ ಮೇಲೆ ಮಲಗುವ ಕೋಣೆಗಳು, ಬಣ್ಣದ ಚಿತ್ರ ಬರೆದ ಮರದ ತೊಲೆಗಳು. ತುದಿಯಲ್ಲಿ ಓಕ್ ಹಲಗೆಯ ಛಾವಣಿಯ ಉದ್ದನೆಯ ಪಡಸಾಲೆ. ಬಾಗಿಲಿಗೆ ‘ಯೆಟ್’ ಎಂಬ ಕಬ್ಬಿಣದ ಜಾಲರಿ ಕದ. ಇಂಥ ಕದದಲ್ಲಿ ಎದುರುಬದುರಿನ ಎರಡು ಕಾಲುಭಾಗಗಳಲ್ಲಿ ಅಡ್ಡಪಟ್ಟಿಯ ತೂತಿನೊಳಗೆ ಉದ್ದಪಟ್ಟಿ ಹಾಯುತ್ತದೆ, ಉಳಿದೆರಡರಲ್ಲಿ ಅದು ತಿರುಗುಮುರುಗು. ಹಾಗಾಗಿ ಒಂದು ಪಟ್ಟಿಯನ್ನು ಕಿತ್ತು ಉಳಿದುದನ್ನು ಸಡಿಲಿಸಲು ಬರುವುದಿಲ್ಲ. ‘ಹೆಣೆದ ಕಬ್ಬಿಣದ ಕದ’ ಎನ್ನಬಹುದು. ಮೇಲಿಂದ ಇಳಿಬಿಡುವ ಕದ ಇದಲ್ಲ, ತಿರುಗಣಿಯ ಮೇಲೆ ತೆರೆಯುವಂಥದ್ದು.

ಕ್ರ್ಯಾಥಿಸ್‌ನಂಥ ಮನೆಗೆ ಹತ್ತಿರದ ಪದ ಉತ್ತರ ಕರ್ನಾಟಕದ ‘ವಾಡೆ’. ದೇಸಾಯರ ವಾಡೆಯಂತೆ ಇದೂ ಜಮೀನುದಾರನ ಮನೆ, ಅವನ ಅಧಿಕಾರದ ಗುರುತು, ಹೊತ್ತು ಬಂದರೆ ಕಾಪು.

ಇನ್ನೊಂದು ಉತ್ತರ: ‘ವಾಡೆ’ ಅರ್ಥಕ್ಕೆ ಸರಿ, ಆಕಾರಕ್ಕೆ ಸರಿಯಿಲ್ಲ. ವಾಡೆ ಅಂಗಳದ ಸುತ್ತ ಅಗಲವಾಗಿ ಹರಡಿಕೊಳ್ಳುತ್ತದೆ. ಕ್ರ್ಯಾಥಿಸ್ ಕೋಣೆಯ ಮೇಲೆ ಕೋಣೆ ಪೇರಿಸಿಕೊಂಡು ಹುಡೇವಿನ (ಕಾವಲು ಬುರುಜಿನ) ಹಾಗೆ ನೆಟ್ಟಗೆ ಏಳುತ್ತದೆ. ಹುಡೇವು ಎನ್ನೋಣವೆಂದರೆ ಅದರಲ್ಲಿ ಯಾರೂ ಸಂಸಾರ ಹೂಡುವುದಿಲ್ಲ. ‘ಗೋಪುರಮನೆ’ ಎಂದರೆ ದೇವಸ್ಥಾನ ಬಂದು ಕೂರುತ್ತದೆ. ಮೈಸೂರು ಕಡೆಯವರಿಗೆ ವಾಡೆಯೇ ಅಪರಿಚಿತ ಬೇರೆ. ಹೆಸರಿನಲ್ಲಿ ‘ಕ್ರ್ಯಾಥಿಸ್ ಕ್ಯಾಸಲ್’ ಉಳಿಸಿ, ವಿವರಿಸುವಾಗ ‘ಬುರುಜುಮನೆ’ ಎನ್ನುವುದು ನನ್ನ ಆಯ್ಕೆ.

ಇಂಥ ಮನೆಗಳ ಸುತ್ತ ಇರುತ್ತಿದ್ದ ಕಾವಲಿನ ಸುತ್ತುಗೋಡೆ ‘ಬಾರ್ಮ್‌ಕಿನ್’ಗೆ ‘ಪೌಳಿ’ ಹೊಂದುತ್ತದೆ. ಗಡಿಸೀಮೆಯಲ್ಲಿ ನೂರು ಪೌಂಡ್ ಉತ್ಪತ್ತಿಯ ಜಮೀನುಳ್ಳವರು ಕಲ್ಲುಸುಣ್ಣದ ಪೌಳಿ ಕಟ್ಟಲೇಬೇಕೆಂದು 1535ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ಮಾಡಿತ್ತು. ಅಳತೆ: 60 ಅಡಿ ಚೌಕ, ಒಂದು ಎಲ್ ದಪ್ಪ, ಆರು ಎಲ್ ಎತ್ತರ. ಸ್ಕಾಟ್ಸ್ ಎಲ್ ಎಂದರೆ ಸುಮಾರು 37 ಅಂಗುಲ. ಅದನ್ನು ‘ಮೊಳ’ ಎಂದು ಬರೆದರೆ ಗೋಡೆ ಅರ್ಧಕ್ಕರ್ಧ ಕುಗ್ಗುತ್ತದೆ. ಎತ್ತರವನ್ನು ಅಡಿಯಲ್ಲೇ ಕೊಡಿ, ಹದಿನೆಂಟೂವರೆ.

‘ಹಾರ್ಲಿಂಗ್’ ಕೂಡ ಕೈಪಿಡಿಯಲ್ಲಿ ಬಂದೇ ಬರುತ್ತದೆ. ಸುಣ್ಣಕ್ಕೆ ಸಣ್ಣ ಹರಳು ಬೆರೆಸಿ ಗೋಡೆಗೆ ಬೀಸಿ ಎರಚುವ ಗಾರೆ. ‘ಎರಚುಗಾರೆ’ ಎನ್ನಿ, ‘ಸಿಮೆಂಟ್ ಗಿಲಾವು’ ಮಾತ್ರ ಬೇಡ. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಹೊಕ್ಕ ತೇವ ಹೊರಗೆ ಆರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹಲವೆಡೆ ಸಿಮೆಂಟ್ ಎರಚಿ, ನೀರು ಗೋಡೆಯೊಳಗೇ ಸಿಕ್ಕಿಕೊಂಡು ಕಲ್ಲು ಹಾಳಾಯಿತು.

ಕೈಪಿಡಿ ಸೇಂಟ್ ಆಂಡ್ರೂಸ್ ಕ್ಯಾಸಲ್‌ಗೂ ಹೋಗುವುದಾದರೆ ಅಲ್ಲಿನ ‘ಬಾಟಲ್ ಡಂಜನ್’ ಬಗ್ಗೆ ಒಂದು ಮಾತು. ಬಂಡೆಯಲ್ಲಿ ಕಡಿದ, ಕಿರಿದಾದ ಕೊರಳು, ಕೆಳಗೆ ಅಗಲವಾದ ಹೊಟ್ಟೆಯ ಸೆರೆ. ಜೋಳ ತುಂಬುವ ಹಗೇವಿನ ತದ್ರೂಪು. ‘ಹಗೇವುಸೆರೆ’ ಎಂದರೆ ಚಿತ್ರವೇ ಬೇಡ. ‘ಡಂಜನ್’ ಎಂಬ ಮಾತು ಮೂಲದಲ್ಲಿ ಕ್ಯಾಸಲ್‌ನ ನಡುಬುರುಜಿಗೆ ಇದ್ದ ಹೆಸರು, ಸೆರೆಯ ಅರ್ಥ ಆಮೇಲೆ ಬಂತು. ನಮ್ಮವರು ಶ್ರೀರಂಗಪಟ್ಟಣದ ‘ಬೈಲಿ ಡಂಜನ್’ನಿಂದ ಈ ಪದ ಬಲ್ಲರು. ತಮಾಷೆಯೆಂದರೆ ಕ್ಯಾಸಲ್‌ನ ಹೊರಂಗಳಕ್ಕೂ ಇಂಗ್ಲಿಷಿನಲ್ಲಿ ‘ಬೈಲಿ’ ಎನ್ನುತ್ತಾರೆ. ನಮ್ಮ ಬೈಲಿ ಮಾತ್ರ ಅಂಗಳವಲ್ಲ, 1782ರಲ್ಲಿ ಸೆರೆಯಲ್ಲೇ ತೀರಿಕೊಂಡ ಬ್ರಿಟಿಷ್ ಕರ್ನಲ್‌ನ ಹೆಸರು.

‘ಲೇರ್ಡ್’ ಎಂಬುದನ್ನು ‘ಲಾರ್ಡ್’ ಮಾಡಬೇಡಿ. ಲೇರ್ಡ್ ಜಮೀನಿನ ಒಡೆಯ ಅಷ್ಟೆ, ಪದವಿಯ ಪ್ರಭುವಲ್ಲ.

ಗೋಡೆತೋಟದ ಪುಟದಲ್ಲಿ ಇನ್ನೊಂದು ಹುಷಾರಿ. ಹಣ್ಣಿನ ಗಿಡಗಳನ್ನು ಬಿಸಿಲು ಹೆಚ್ಚು ಬೀಳುವಂತೆ ‘ದಕ್ಷಿಣಾಭಿಮುಖ ಗೋಡೆ’ಗೆ ಹಬ್ಬಿಸುತ್ತಾರೆ. ಅದು ತೋಟದ ಉತ್ತರದ ಗೋಡೆ. ‘ದಕ್ಷಿಣದ ಗೋಡೆ’ ಎಂದು ಅಚ್ಚಾದರೆ ಓದುಗರು ನೆರಳಿರುವ ಕಡೆ ನಿಂತು ಪೇರುಹಣ್ಣು ಹುಡುಕುತ್ತಿರುತ್ತಾರೆ.