ಎಡಗಡೆ 6 ಮಿ.ಮೀ. ಕಲ್ಲು, ನೋವು ಬೆನ್ನಿಂದ ಕೆಳಗೆ ಇಳಿಯುತ್ತಿದೆ. ಯಾಕೆ?

ತೋಟದ ರೈಟರ್, ಸಿದ್ದಾಪುರ:
ನಾನು ಕಾಫಿ ತೋಟದಲ್ಲಿ ರೈಟರ್, ವಯಸ್ಸು 41. ಈಗ ರೊಬಸ್ಟಾ ಕೊಯ್ಲು. ಬೆಳಿಗ್ಗೆ ಚಳಿಗೆ ಬೆಲ್ಲದ ಕಾಫಿ ಕುಡಿದು ಇಳಿದರೆ, ಸಂಜೆ ಮೂಟೆ ತೂಕ ಮುಗಿಯುವವರೆಗೂ ಅರ್ಧ ಬಾಟಲಿ ನೀರು ಖಾಲಿಯಾಗುವುದಿಲ್ಲ. ಹೋದ ಗುರುವಾರ ತೂಕ ಬರೆಯುತ್ತಿದ್ದಾಗ ಎಡಗಡೆ ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ, ಯಾರೋ ಕೈ ಹಾಕಿ ತಿರುಚಿದ ಹಾಗಾಯಿತು. ಕೂತರೂ ಆಗದು, ಮಲಗಿದರೂ ಆಗದು. ಪುಸ್ತಕ ಮೂಟೆ ಮೇಲೆ ಬಿಟ್ಟು ಕಣದಲ್ಲಿ ಸುತ್ತು ಹಾಕುತ್ತಿದ್ದೆ. ಲೆಕ್ಕ ತಪ್ಪಿತೇನೋ ಅಂದುಕೊಂಡರಂತೆ ಕೆಲಸದವರು.

ಮೊದಲು ಹೋದ ಕಡೆ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು, ಅದು ಬೇರೆ ಕಥೆ. ಆಮೇಲೆ ಸ್ಕ್ಯಾನ್‌ನಲ್ಲಿ ಮೂತ್ರನಾಳದ ಕಲ್ಲು ಸಿಕ್ಕಿತು. ನೋವಿನ ಮಾತ್ರೆ, ರಾತ್ರಿಗೆ ನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟಿದ್ದಾರೆ. ಈಗ ನೋವು ತೊಡೆಸಂದಿಗೆ ಬಂದಿದೆ. ನಿನ್ನೆಯಿಂದ ಹತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಅವಸರ, ಹೋದರೆ ನಾಲ್ಕು ಹನಿ. ಇನ್ಫೆಕ್ಷನ್ನೂ ಸೇರಿಕೊಂಡಿತಾ? ಬಿಯರ್ ಕುಡಿದರೆ ಕೊಚ್ಚಿಕೊಂಡು ಹೋಗುತ್ತೆ ಅಂತಾರೆ ಗೆಳೆಯರು. ನಿಜವಾ?

ಬಾಳೆಲೆ ಹುಡುಗ:
ಅಣ್ಣ, ಬಾಳೆದಿಂಡಿನ ರಸ ಕುಡೀರಿ. ನಮ್ಮ ಮಾವನಿಗೆ ಎರಡೇ ವಾರದಲ್ಲಿ ಬಿತ್ತು. ಹಾಲು, ಟೊಮೆಟೊ ಪೂರ್ತಿ ಬಿಡಿ.

ನಿವೃತ್ತ ಸಿಸ್ಟರ್, ವಿರಾಜಪೇಟೆ:
ಮಾವನ ಕಲ್ಲು ದಿಂಡು ಕುಡಿಯದಿದ್ದರೂ ಬೀಳುತ್ತಿತ್ತೇನೋ ತಮ್ಮ. ಸಣ್ಣ ಕಲ್ಲುಗಳು ಹೆಚ್ಚಿನವು ತಾವಾಗಿಯೇ ಬೀಳುತ್ತವೆ.

ರೈಟರೇ, ನಾನು ಯೂರಾಲಜಿ ವಾರ್ಡಿನಲ್ಲಿ ಬಹಳ ವರ್ಷ ಇದ್ದವಳು. ಕಲ್ಲು ಇಳಿದ ಹಾಗೆ ನೋವೂ ಇಳಿಯುತ್ತೆ, ಅದಕ್ಕೇ ನೀವು ಹೇಳಿದ್ದು ಕೇಳಿದರೆ ಕಲ್ಲು ಎಲ್ಲಿಗೆ ಬಂದಿದೆ ಅಂತ ಅಂದಾಜು ಮಾಡಬಹುದು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ 25ರಿಂದ 30 ಸೆಂ.ಮೀ. ಉದ್ದ, ಒಳಗಿನ ದಾರಿ 3-4 ಮಿ.ಮೀ. ಅಷ್ಟೇ. ಅದರಲ್ಲೂ ಮೂರು ಕಡೆ ಇಕ್ಕಟ್ಟು: ಕಿಡ್ನಿಯಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವಲ್ಲಿ, ಮೂತ್ರಚೀಲಕ್ಕೆ ಸೇರುವಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ನೀವು ಎಳೆಯುವ ಸ್ಪ್ರಿಂಕ್ಲರ್ ಪೈಪಿನಲ್ಲೂ ಕಸ ನಿಲ್ಲುವುದು ಜಾಯಿಂಟ್‌ನಲ್ಲೇ ಅಲ್ವಾ? ಆದರೆ ಇದು ಸುಮ್ನೆ ಬಿದ್ದಿರುವ ಪೈಪ್ ಅಲ್ಲ. ಸ್ನಾಯುವಿನ ಕೊಳವೆ, ಹಿಂಡಿ ಹಿಂಡಿ ಮೂತ್ರವನ್ನು ಕೆಳಗೆ ತಳ್ಳುತ್ತೆ. ಅದಕ್ಕೇ ನೋವು ಬಂದು ಬಂದು ಹೋಗುತ್ತೆ. ಕಲ್ಲು ಮೂತ್ರಚೀಲದ ಬಾಗಿಲಿಗೆ ಬಂದಾಗ ಚೀಲ ಕೆರಳುತ್ತೆ, ಒಳಗೆ ಏನೂ ಇಲ್ಲದಿದ್ದರೂ ಅವಸರ ಆಗುತ್ತೆ. ನಿಮ್ಮದು ಹಾಗೇ ಕಾಣುತ್ತೆ. ಆದರೂ ಒಂದು ಮೂತ್ರ ಪರೀಕ್ಷೆ ಮಾಡಿಸಿ. ಊಹೆ ಮೇಲೆ ಇನ್ಫೆಕ್ಷನ್ ಇಲ್ಲ ಅನ್ನಬಾರದು.

ಜ್ವರ, ನಡುಕ ಬಂದರೆ, ಅಥವಾ ಮೂತ್ರವೇ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಕಟ್ಟಿಕೊಂಡ ಮೂತ್ರಕ್ಕೆ ಇನ್ಫೆಕ್ಷನ್ ಸೇರಿದರೆ ಒಂದೇ ರಾತ್ರಿಯಲ್ಲಿ ರಕ್ತಕ್ಕೆ ಏರಬಹುದು.

ಬಿಯರ್ ಬೇಡ. ನೋವಿರುವಾಗ ನೀರನ್ನೂ ಬಲವಂತವಾಗಿ ಕುಡಿಯಬೇಡಿ. ಮುಚ್ಚಿದ ಪೈಪಿನ ಹಿಂದೆ ಒತ್ತಡ ಜಾಸ್ತಿಯಾಗುತ್ತೆ, ಕಲ್ಲು ಹೋಗಲ್ಲ. ಕಲ್ಲು ಬಿದ್ದ ಮೇಲೆ ಮಾತ್ರ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡೀರಿ. ನಮ್ಮ ಚಳಿಗೆ, ಮಳೆಗಾಲಕ್ಕೆ ಬಾಯಾರಿಕೆಯೇ ಆಗಲ್ಲ, ಅದೇ ಮೋಸ. ಹಾಲು ಬಿಡಬೇಡಿ. ಊಟದ ಕ್ಯಾಲ್ಸಿಯಂ, ಕಲ್ಲು ಕಟ್ಟಿಸುವ ಆಕ್ಸಲೇಟ್ ಅನ್ನೋ ಅಂಶವನ್ನು ಕರುಳಲ್ಲೇ ಹಿಡಿದಿಡುತ್ತೆ. ಕಡಿಮೆ ಮಾಡಬೇಕಾದ್ದು ಉಪ್ಪು. ವಾರದಲ್ಲಿ ನಾಲ್ಕು ದಿನ ಪಂದಿ ಕರಿ ಇದ್ದರೆ ಅದನ್ನೂ. ಬೈಕೋಬೇಡಿ.

6 ಮಿ.ಮೀ. ಬೀಳಲೂಬಹುದು, ಗ್ಯಾರಂಟಿ ಇಲ್ಲ. ನಾಲ್ಕರಿಂದ ಆರು ವಾರ ನೋಡ್ತಾರೆ. ಅಷ್ಟರೊಳಗೆ ಮತ್ತೆ ಸ್ಕ್ಯಾನ್‌ಗೆ ಹೋಗಿ, ನೋವು ನಿಂತಿತು ಅಂತ ಬಿಡಬೇಡಿ. ಮೂತ್ರವನ್ನು ಜಾಲರಿಯಲ್ಲಿ ಸೋಸಿ, ಕಲ್ಲು ಸಿಕ್ಕರೆ ಲ್ಯಾಬಿಗೆ ಕೊಡಿ. ಯಾವ ಜಾತಿಯ ಕಲ್ಲು ಅಂತ ಗೊತ್ತಾದರೆ ಪಥ್ಯ ಹೇಳುವುದು ಸುಲಭ.

ಲೈನ್‌ಮನೆ ಅಕ್ಕ:
ನಮಗೆ ಕಲ್ಲಲ್ಲ, ಉರಿಮೂತ್ರ. ಕಾಫಿ ಕೊಯ್ಯುವ ಜಾಗದಲ್ಲಿ ಹೋಗೋಕೆ ಮರೆ ಇಲ್ಲ, ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ರೈಟರಿಗೆ ಇದು ಗೊತ್ತಾ?

ನಿವೃತ್ತ ಸಿಸ್ಟರ್, ವಿರಾಜಪೇಟೆ:
ಹೆಂಗಸರ ಮೂತ್ರದ್ವಾರದ ನಾಳ ನಾಲ್ಕೇ ಸೆಂ.ಮೀ. ಅಕ್ಕ, ಗಂಡಸರದು ಇಪ್ಪತ್ತರ ಹತ್ತಿರ. ಕ್ರಿಮಿಗೆ ನಮ್ಮಲ್ಲಿ ದಾರಿ ಹತ್ತಿರ. ಕಟ್ಟಿಕೊಂಡು ಕೂತರೆ ಇನ್ನೂ ಸುಲಭ. ಉರಿಯ ಜೊತೆ ಜ್ವರ, ಬೆನ್ನುನೋವು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ತೋಟದ ರೈಟರ್, ಸಿದ್ದಾಪುರ:
ಹನ್ನೊಂದನೇ ದಿನ ಬೆಳಿಗ್ಗೆ ಬಿತ್ತು. ಜಾಲರಿಯಲ್ಲಿ ಟಕ್ ಅಂತು. ಒಣಗಿದ ಕಾಳುಮೆಣಸಿನಷ್ಟೇ ಇದೆ, ಕಂದು ಬಣ್ಣ, ಮೈಯೆಲ್ಲ ಮುಳ್ಳು ಮುಳ್ಳು. ಲ್ಯಾಬಿಗೆ ಕೊಟ್ಟಿದ್ದೇನೆ, ಸೋಮವಾರ ಸ್ಕ್ಯಾನ್. ಅಕ್ಕ, ಗೊತ್ತಿರಲಿಲ್ಲ. ಕೆಳಗಿನ ಬ್ಲಾಕಿನಲ್ಲಿ ತಗಡು ಹೊಡೆಸಿ ಮರೆ ಮಾಡಿಸುವಂತೆ ಸಾಹುಕಾರರಿಗೆ ಹೇಳಿದ್ದೇನೆ. ನಮ್ಮ ಮನೆಗೆ ಮಾತ್ರ ಹೊಸ ಟೀ ಜಾಲರಿ ಬೇಕಂತೆ.