ಅಪ್‌ಡೇಟ್: ಮಹಾಗನಿ ಗಿಟಾರ್‌ನ ಮಂಕು ದನಿ ತಂತಿಯದೋ, ಮರದ್ದೋ?

ಸ್ಪ್ರೂಸ್ ಮರದ ಟಾಪ್ (ಮುಂಭಾಗದ ಹಲಗೆ) ಇರುವ ಗಿಟಾರ್ ಪಕ್ಕ ಮಹಾಗನಿ ಟಾಪ್‌ನದು ತೀರಾ ಮಂಕು, ತಂತಿ ಬದಲಿಸಿದರೆ ಸಾಕೇ ಎಂದು ಕೇಳಿದ್ದೆ. ಎರಡಕ್ಕೂ ಒಂದೇ ಹೊಸ ಸೆಟ್ ಹಾಕಿ ಹೋಲಿಸಿ ಎಂದವರಿಗೆ ಧನ್ಯವಾದ, ಅದೇ ಸರಿಯಾದ ದಾರಿ.

ಎರಡಕ್ಕೂ 12-53 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಫಾಸ್ಫರ್ ಬ್ರಾಂಜ್ ತಂತಿ, ಒಂದೇ 0.73 ಮಿ.ಮೀ. ಪಿಕ್, ರೆಕಾರ್ಡ್ ಮಾಡುವ ಫೋನ್ 12ನೇ ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಪಟ್ಟಿ) 30 ಸೆಂ.ಮೀ. ದೂರ. ವ್ಯತ್ಯಾಸದ ದೊಡ್ಡ ಪಾಲು ಅಲ್ಲೇ ಹೋಯಿತು. ಹಳೆಯ ತಂತಿಯ ಸುತ್ತುಗಳ ನಡುವೆ ಬೆವರು, ಕೊಳೆ ಸೇರಿ ಮೇಲಿನ ಹಾರ್ಮೋನಿಕ್‌ಗಳನ್ನು (ದನಿಗೆ ಹೊಳಪು ಕೊಡುವ ಎತ್ತರದ ಸ್ವರಗಳನ್ನು) ನುಂಗುತ್ತವೆ. ಕೇಳುವ ಮುಂಚೆ ಎರಡು ರೆಕಾರ್ಡಿಂಗ್‌ಗಳ ವಾಲ್ಯೂಮ್ ಸಮ ಮಾಡಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಉಳಿದದ್ದು ಮರದ ಗುಣ. ಮಹಾಗನಿಗೆ 80/20 ತಂತಿ ಹಾಕಿದಾಗ ಚುರುಕು ಬಂತು. ಇದರಲ್ಲಿ ಶೇ. 80 ತಾಮ್ರ, ಶೇ. 20 ಸತು, ಹೆಸರು ಬ್ರಾಂಜ್, ಲೋಹ ಹಿತ್ತಾಳೆ. ಆದರೆ ಈ ಹೊಳಪು ಫಾಸ್ಫರ್ ಬ್ರಾಂಜ್‌ಗಿಂತ ಬೇಗ ಇಳಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ.

11-52 ಸೆಟ್ ಬೇಡವೆನಿಸಿತು: ಬೇಸ್ ತೆಳುವಾಯಿತು, ಎಳೆತ ಕಡಿಮೆಯಾಗಿ ನೆಕ್ ನೇರವಾದ್ದರಿಂದ ಮೊದಲ ಫ್ರೆಟ್‌ಗಳಲ್ಲಿ ಬಝ್ (ತಂತಿ ಫ್ರೆಟ್‌ಗೆ ತಾಗಿ ಬರುವ ಸದ್ದು) ಶುರು. ಟ್ರಸ್ ರಾಡ್ (ನೆಕ್‌ನೊಳಗೆ ಅದರ ಬಾಗು ಹೊಂದಿಸುವ ಸರಳು) ಕಾಲು ಸುತ್ತು ಸಡಿಲಿಸಿದರೆ ನಿಂತಿತು. ಬೆಂಗಳೂರಿನ ಮಾರ್ಚ್‌ನ ಒಣಗಾಳಿಗೆ ಟಾಪ್ ಕುಗ್ಗಿದರೂ ಬಝ್ ಬರುತ್ತದೆ. ಕೇಸ್‌ನೊಳಗೆ ತೇವಾಂಶ ಶೇ. 45–55 ಇರಲಿ.